ಸಾಧಾರಣ ಬೆಳಕು

ಸಿಂದಗಿ ದಾಟಿ ಬಸ್ಸು ಇಂಡಿ ಊರಿನ ರಸ್ತೆ ಹಿಡಿದಾಗ ಕಿಟಕಿಯ ಬಿಸಿಲು ಜುಲ್ಫಿಕರನ ಬಲ ಮುಂಗೈ ಮೇಲೆ ಬಂದು ಕೂತಿತು. ಕೈ ಎಳೆದುಕೊಳ್ಳಬಹುದಿತ್ತು, ಎಳೆದುಕೊಳ್ಳಲಿಲ್ಲ. ಗಡಿಯಾರ ನೋಡಿ, ಹತ್ತು ನಿಮಿಷ ಹಾಗೇ ಇರಲಿ ಎಂದುಕೊಂಡ. ಏಪ್ರಿಲ್ ಕೊನೆಯ ಬಿಸಿಲು, ಎಂಟು ಗಂಟೆಗೇ ಚುರುಗುಟ್ಟುತ್ತಿತ್ತು. ನಿನ್ನೆ ಹತ್ತಕ್ಕೆ ಅವನ ಅಕ್ಕ ಲಾಲಬಿ ಮೂವತ್ತು ದಿನಗಳಲ್ಲಿ ಮೊದಲ ಸಲ ತನ್ನ ಒಂದು ಕೈಯನ್ನು ಬಿಸಿಲಿಗೆ ಚಾಚಿದ್ದಳು. ಕೈಯೆಂದರೆ ಪೂರಾ ಕೈಯಲ್ಲ. ಅವಳ ಮಗ ಖಲೀಲ ಕಾಗದದ ಚೀಲವೊಂದಕ್ಕೆ ಚಹಾ ಕಪ್ಪಿನ ಬಾಯಿಯಷ್ಟು ಗುಂಡನೆಯ ತೂತು ಕೊರೆದು, ತಾಯಿಯ ಕೈಗೆ ಅದನ್ನು ತೊಡಿಸಿ, ತೂತಿನಿಂದ ಕಾಣುವಷ್ಟು ಚರ್ಮವನ್ನು ಮಾತ್ರ ಹತ್ತು ನಿಮಿಷ ಬಿಸಿಲಿಗೆ ಹಿಡಿಸಿದ್ದ. ಆಮೇಲೆ ಇಪ್ಪತ್ತನಾಲ್ಕು ತಾಸು ಕಾಯಬೇಕು. ಅಷ್ಟರಲ್ಲಿ ಅಲ್ಲಿ ಕೆಂಪಾಗದೆ, ಊದದೆ, ಗುಳ್ಳೆ ಏಳದೆ ಇದ್ದರೆ ಬಿಸಿಲು ತಾಗಿದರೆ ಚರ್ಮ ಸುಡುವ ಆಸ್ಪತ್ರೆಯ ಔಷಧ ಮೈಯಿಂದ ಇಳಿದಿದೆ ಎಂದು ಅರ್ಥ, ಅಕ್ಕ ಬಿಸಿಲಿಗೆ ಬರಬಹುದು. ಆ ಕೈ ನೋಡಿ ಹೂಂ ಅನ್ನಲು ಜುಲ್ಫಿಕರ ಹೊರಟಿದ್ದ.

ಹೂಂ ಅನ್ನಲು ಖಲೀಲನಿಗೆ ಕಣ್ಣಿರಲಿಲ್ಲವೆಂದಲ್ಲ. ಆದರೆ ಆ ಮನೆಯಲ್ಲಿ ಮಾಮೂ ಬಂದು ನೋಡುವ ತನಕ ಯಾವುದೂ ಖರೆಯಾಗುತ್ತಿರಲಿಲ್ಲ. ಇಂಡಿಯಿಂದ ಝಳಕಿಗೆ ಹೋಗುವ ದಾರಿಯಲ್ಲಿ ನಿಂಬೆ ತೋಟದ ನಡುವೆ ಇದ್ದ ಆ ಮನೆಯವರಿಗೆ, ಸಿಂದಗಿಯ ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಜೀವಶಾಸ್ತ್ರ ಹೇಳುವ ಜುಲ್ಫಿಕರನೇ ಹಕೀಮ, ವಕೀಲ, ಕಾಜಿ ಎಲ್ಲ. ಇವತ್ತು ಇನ್ನೊಂದು ಕಾರಣವೂ ಇತ್ತು. ಲಾಲಬಿಯ ಮಗಳು ನಿಷತ ಬಸವನ ಬಾಗೇವಾಡಿಯ ಗಂಡನ ಮನೆಯಲ್ಲಿ ಹಡೆದು ಇವತ್ತಿಗೆ ನಲವತ್ತು ದಿನ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ತಾಯಿಯ ನಾಲಿಗೆಗೆ ಕ್ಯಾನ್ಸರ್ ಬಂದು ಅದು ಆಗಲಿಲ್ಲ. ಬೀಗರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಅನ್ನದೆಯೇ ಎಲ್ಲ ಅಂದಿದ್ದರು. ನಲವತ್ತು ತುಂಬಿದ ದಿನವಾದರೂ ತಾನೇ ಹೋಗಿ ಬಾಣಂತಿಯನ್ನೂ ಕೂಸನ್ನೂ ಕರೆದುತರಬೇಕೆಂಬುದು ಅಕ್ಕನ ಹಟ. ಹನ್ನೊಂದಕ್ಕೆ ಗುರಣ್ಣನ ಬಾಡಿಗೆ ಗಾಡಿ ಬಾಗಿಲಿಗೆ ಬರುವುದಿತ್ತು. ಕೈ ಶುದ್ಧವಿದ್ದರೆ ಅಕ್ಕ ಗಾಡಿ ಹತ್ತುತ್ತಾಳೆ, ಇಲ್ಲದಿದ್ದರೆ ಇಲ್ಲ.

ಏನೇನು ನೋಡಬೇಕೆಂದು ಇನ್ನೊಮ್ಮೆ ಖಚಿತ ಮಾಡಿಕೊಳ್ಳಲು ಅವನು ಕಿಸೆಯಿಂದ ಆಸ್ಪತ್ರೆಯವರು ಕೊಟ್ಟ ಹಾಳೆ ತೆಗೆದ. ಅದೂ ಪೂರ್ತಿ ಖರೆಯಲ್ಲ. ಪಕ್ಕದಲ್ಲಿ ಕೂತ ರುಮಾಲಿನ ಹಿರಿಯರು ಎರಡು ಸಲ ಇವನತ್ತ ನೋಡಿದ್ದರು, ಇಂಗ್ಲಿಷ್ ಹಾಳೆ ಬಿಡಿಸಿ ಓದುವುದನ್ನು ಯಾರಾದರೂ ನೋಡುತ್ತಿದ್ದರೆ ಜುಲ್ಫಿಕರನಿಗೆ ಈ ವಯಸ್ಸಿನಲ್ಲೂ ಒಳಗೊಳಗೇ ಹಿತ. ಮೊದಲ ಪುಟ ಅವನಿಗೆ ಬಾಯಿಪಾಠ: ಮೂವತ್ತು ದಿನ ಬಿಸಿಲು ಕೂಡದು, ಕಣ್ಣು ಕೋರೈಸುವ ದೀಪ ಕೂಡದು, ಕೊನೆಗೆ ಕೈಯ ಪರೀಕ್ಷೆ. ಎರಡನೆಯ ಪುಟವನ್ನು ಅವನು ಇವತ್ತಿನ ತನಕ ತೆರೆದಿರಲಿಲ್ಲ. ತೆರೆದದ್ದು ಬಸ್ಸಿನ ಕುಲುಕಾಟಕ್ಕೆ ಬೆರಳು ಜಾರಿ. ನಾಲ್ಕನೆಯ ಸಾಲು ಹೀಗಿತ್ತು: ರೋಗಿಯನ್ನು ಕತ್ತಲ ಕೋಣೆಯಲ್ಲಿ ಇರಿಸಬೇಡಿ. ನೇರ ಬಿಸಿಲು ಬೇಡ, ಆದರೆ ಮನೆಯೊಳಗಿನ ಸಾಧಾರಣ ಬೆಳಕು ಬೇಕು. ಚರ್ಮದಲ್ಲಿ ಉಳಿದ ಔಷಧದ ಬಲ ಮೆಲ್ಲಮೆಲ್ಲಗೆ ಕುಂದುವುದು ಆ ಬೆಳಕಿನಿಂದಲೇ. ಕತ್ತಲಲ್ಲೇ ಇದ್ದವರಿಗೆ ದಿನ ತುಂಬಿದ ಮೇಲೂ ಬಿಸಿಲು ಸುಡಬಹುದು.

ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಅಕ್ಕನನ್ನು ಕತ್ತಲಲ್ಲಿ ಕೂರಿಸಿದವನು ಅವನೇ. ಆಸ್ಪತ್ರೆಯಿಂದ ಬಂದ ದಿನ ಬಟ್ಟೆ ಬದಲಿಸುವ ಮೊದಲೇ ಸ್ಟೂಲು ಹತ್ತಿ, ನಡುಕೋಣೆಯ ಕಿಟಕಿಗೆ ಎರಡು ಕಂಬಳಿ ಜಡಿದು, ಬಾಗಿಲ ಸಂದಿಗೆ ನಿಂಬೆ ತುಂಬುವ ಗೋಣಿಚೀಲ ತುರುಕಿ, ಬಲ್ಬು ಬಿಚ್ಚಿ ಕಿಸೆಗೆ ಹಾಕಿಕೊಂಡಿದ್ದ. ಖಲೀಲನ ಹೆಂಡತಿ ನಸ್ರೀನ ಊಟ ಕೊಡುವಾಗ ಹೊರಬಾಗಿಲು ಮುಚ್ಚಿಕೊಂಡು ಬರಬೇಕು. ಮೊಬೈಲಿನ ಬೆಳಕೂ ಬೆಳಕೇ, ಅದೂ ಬೇಡ. ಹೀಗಾಗಿ ಲಾಲಬಿ ಮೊಮ್ಮಗಳ ಅಳುವನ್ನು ಫೋನಿನಲ್ಲಿ ಕೇಳಿದ್ದಳೇ ಹೊರತು ಮುಖ ನೋಡಿರಲಿಲ್ಲ. ಹುಟ್ಟಿದಾಗಿನದೊಂದು ಮಬ್ಬು ಫೋಟೋ, ಅಷ್ಟೇ. ಒಮ್ಮೆ ಖಲೀಲ, ಮಾಮೂ, ಇಷ್ಟೊಂದು ಬೇಕೇನ್ರೀ ಎಂದು ಕೇಳಿದ್ದಕ್ಕೆ ಇವನು, ನೀ ಓದೀಯೋ ನಾ ಓದೀನೋ ಎಂದಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆಸ್ಪತ್ರೆಯ ಆರು ದಿನ ಕಳೆದು ಉಳಿದ ಇಪ್ಪತ್ತನಾಲ್ಕು ದಿನ ಒಂದು ಹೆಂಗಸು ತನ್ನ ಕೈ ತನಗೆ ಕಾಣದಂತೆ ಕೂತಿದ್ದಳು, ಓದಿದವನ ಮಾತಿಗೆ.

ಓದಿದವನು ಈ ಪುಟವನ್ನೇ ಯಾಕೆ ಓದಲಿಲ್ಲ ಎಂದು ಕೇಳಿಕೊಂಡರೆ ಉತ್ತರ ಬಸ್ಸಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಮಹಾರಾಷ್ಟ್ರದ ಆ ದೊಡ್ಡ ಆಸ್ಪತ್ರೆಯಲ್ಲಿ ಬಿಡುಗಡೆಯ ದಿನ ಪ್ರಿಯದರ್ಶಿನಿ ಎಂಬ ನರ್ಸು, ಮುದ್ದೇಬಿಹಾಳದ ಕಡೆಯ ಹುಡುಗಿ, ಅಕ್ಕನ ಹಾಸಿಗೆಯ ಅಂಚಿಗೆ ಕೂತು ಹಾಳೆಯನ್ನು ಊರಿನ ಮಾತಿನಲ್ಲಿ ಬಿಡಿಸಿ ಹೇಳತೊಡಗಿದ್ದಳು. "ಅಮ್ಮಾ, ಒಂದೊಂದ ಕೇಳ್ಕೊಂತ ಹೋಗ್ರಿ." ಅದರ ಹಿಂದಿನ ದಿನವಷ್ಟೇ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ಇವನು ಜೀವಕೋಶ ತಾನಾಗಿ ಸಾಯುವ ಕ್ರಮಕ್ಕೆ ದೊಡ್ಡದಾಗಿ ಅಪೊಪ್ಟೋಸಿಸ್ ಎಂದಾಗ, ಓಹೋ ನಿಮಗೆ ಆ ಶಬ್ದ ಗೊತ್ತೇ ಎಂದು ನಕ್ಕಿದ್ದ. ಆ ನಗುವಿಗೆ ಕೊಡಬೇಕಿದ್ದ ಉತ್ತರವನ್ನು ಜುಲ್ಫಿಕರ ಈ ಹುಡುಗಿಗೆ ಕೊಟ್ಟ. "ಕೊಡ್ರಿ ಸಿಸ್ಟರ್. ನಾ ಬಯಾಲಜಿ ಲೆಕ್ಚರರ್ ಅದೇನಿ. ಇದನ್ನ ಇಪ್ಪತ್ತು ವರ್ಷ ಕಲಿಸೇನಿ." ಅವಳು ಎದ್ದು ನಿಂತು, "ಹೌದ್ರಿ ಸರ, ಆದ್ರೂ ಎರಡನೇ ಪುಟಾ ಅಷ್ಟ..." ಎನ್ನುತ್ತಿರುವಾಗಲೇ ಹಾಳೆಯನ್ನು ನಾಲ್ಕಾಗಿ ಮಡಚಿ, ರೈಲಿಗೆ ಹೊತ್ತಾಯಿತೆಂದ. ರೈಲಿಗೆ ಎರಡು ತಾಸಿತ್ತು. ಆ ಎರಡು ತಾಸು ಅವರು ಸ್ಟೇಷನ್ನಿನ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು, ಅಕ್ಕ ಬುರ್ಖಾದ ಮೇಲೆ ಇವನ ಶಾಲು ಹೊದ್ದು, ಕೈಗವಸು ತೊಟ್ಟು, ಕರಿ ಕನ್ನಡಕ ಹಾಕಿಕೊಂಡು.

ಖಲೀಲನಿಗೆ ಈಗಲೇ ಫೋನು ಮಾಡಬಹುದಿತ್ತು. ಮಾಡಲು ಮೂರು ಸಲ ಮೊಬೈಲು ತೆಗೆದ. ಮೊದಲ ಸಲ ಬಸ್ಸಿನ ಗದ್ದಲವೆಂದುಕೊಂಡ, ಎರಡನೆಯ ಸಲ ಪಕ್ಕದ ಹಿರಿಯರು ಕೇಳಿಸಿಕೊಳ್ಳುತ್ತಾರೆ ಎಂದುಕೊಂಡ, ಮೂರನೆಯ ಸಲ ನೆಪವೂ ಹೊಳೆಯದೆ ಹಾಗೇ ಕಿಸೆಗೆ ಹಾಕಿದ. ಕೈ ಶುದ್ಧವಿದ್ದರೂ ಇರಬಹುದಲ್ಲ. ಇರಲಿ, ಶುದ್ಧವಾಗಿರಲಿ, ಆಮೇಲೆ ಈ ಪುಟವನ್ನು ಹರಿದು ಭೀಮಾ ನದಿಗೆ ಎಸೆದರಾಯಿತು. ಹಾಗೆ ಅಂದುಕೊಂಡದ್ದಕ್ಕೆ ಅವನಿಗೆ ಅವನ ಮೇಲೇ ಹೇಸಿಗೆ ಬಂತು. ಹಿರಿಯರು, "ಯಾರಿಗಿ ಆರಾಮಿಲ್ರಿ?" ಎಂದರು. "ಯಾರಿಗೂ ಇಲ್ಲ, ಅಂದ್ರ, ಎಲ್ಲಾರೂ ಆರಾಮ ಅದಾರ್ರಿ" ಎಂದು ತೊದಲಿದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು ಎಂದು ಅವನಿಗೇ ನಗು ಬರುವಂತಾಗಿ, ನಗು ಬರಲಿಲ್ಲ.

ಆದರೆ ಇಲಾಜು ಹುಡುಕಿದವನೂ ತಾನೇ, ಅದು ಸುಳ್ಳಲ್ಲ. ಅಕ್ಕ ಹದಿನೈದನೆಯ ವಯಸ್ಸಿನಿಂದ ಮಿಶ್ರಿ ತಿಕ್ಕುತ್ತಿದ್ದಳು. ಸುಟ್ಟ ತಂಬಾಕಿನ ಆ ಕರಿ ಪುಡಿ ಇಲ್ಲದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ನಾಲಿಗೆಯ ಎಡ ಅಂಚಿನಲ್ಲಿ ಎದ್ದ ಬಿಳಿ ಮಚ್ಚೆ ಕೆಂಪಾಗಿ, ತಪಾಸಣೆಯಾಗಿ, ವಿಜಯಪುರದ ಡಾಕ್ಟರು ಆ ಬದಿಯನ್ನು ಕತ್ತರಿಸಬೇಕೆಂದಾಗ ಅವಳು, ಇದ್ದ ನಾಲಿಗಿಗೇ ಸೊಸಿ ಅಂಜವೊಲ್ಲಳು, ಅರ್ಧಾ ಇಟ್ಕೊಂಡ ಏನ ಮಾಡ್ಲಿ ಎಂದು ನಗಾಡಿ, ಆಮೇಲೆ ಹಿತ್ತಲಿಗೆ ಹೋಗಿ ಅತ್ತಿದ್ದಳು. ಮಚ್ಚೆ ತೆಳ್ಳಗಿರುವಾಗ, ಆಳಕ್ಕೆ ಇಳಿಯುವ ಮೊದಲು, ಬೆಳಕಿನಿಂದ ಅದನ್ನು ತೆಗೆಯುವ ದಾರಿಯೊಂದಿದೆ ಎಂದು ಓದಿ, ಆ ಆಸ್ಪತ್ರೆಗೆ ಬರೆದು, ಅವರು ಪರೀಕ್ಷಿಸಿ ಒಪ್ಪುವ ತನಕ ಬೆನ್ನು ಬಿಡದವನು ಜುಲ್ಫಿಕರ. ರಕ್ತನಾಳಕ್ಕೆ ಔಷಧ ಕೊಟ್ಟು ಕೆಲವು ದಿನ ಕಾದರು. ಔಷಧ ಮೈತುಂಬ ಹರಿಯುತ್ತದೆ, ಒಳ್ಳೆಯ ಜೀವಕೋಶಗಳಿಂದ ಬೇಗ ಜಾರಿಹೋಗುತ್ತದೆ, ಕೆಟ್ಟವುಗಳಲ್ಲಿ ಮಾತ್ರ ತಂಗಿಬಿಡುತ್ತದೆ. ತಂಗಿ ಸುಮ್ಮನೆ ಮಲಗಿರುತ್ತದೆ. ಆಮೇಲೆ ಒಂದು ಸಣ್ಣ ನಳಿಗೆಯ ತುದಿಯಿಂದ ನಾಲಿಗೆಯ ಮೇಲೆ ಕೆಂಪು ಬೆಳಕಿನ ಒಂದು ಬೊಟ್ಟು. ಗಾಜಿನಾಚೆ ನಿಂತು ಅವನು ನೋಡಿದ್ದ. ಸದ್ದಿಲ್ಲ, ಹೊಗೆಯಿಲ್ಲ, ಹತ್ತು ನಿಮಿಷವೂ ಇಲ್ಲ. ಅಕ್ಕನ ಕಾಲ ಹೆಬ್ಬೆರಳು ಮಾತ್ರ ಹಾಸಿಗೆಯ ಚಾದರನ್ನು ಹಿಡಿದು ಹಿಡಿದು ಬಿಡುತ್ತಿತ್ತು.

ಒಳಗೆ ನಡೆಯುವುದನ್ನು ನೆನೆದರೆ ಈಗಲೂ ಅವನ ಮೈ ಜುಮ್ಮೆನ್ನುತ್ತದೆ. ಬೆಳಕು ಬಿದ್ದೊಡನೆ ಮಲಗಿದ್ದ ಔಷಧ ಎದ್ದು ಪಕ್ಕದ ಆಮ್ಲಜನಕವನ್ನು ಕೆರಳಿಸುತ್ತದೆ, ಅದು ಹೋಗಿ ಜೀವಕೋಶದ ಒಲೆಗಳಿಗೆ, ಪಠ್ಯದಲ್ಲಿ ಮೈಟೊಕಾಂಡ್ರಿಯಾ ಎನ್ನುವ ಆ ಶಕ್ತಿಯ ಮನೆಗಳಿಗೆ ಪೆಟ್ಟು ಕೊಡುತ್ತದೆ. ಅಲ್ಲಿಂದ ಒಂದು ಸಣ್ಣ ಪ್ರೋಟೀನು ಸೋರುತ್ತದೆ. ಅದು ಅಪ್ಪಣೆ. ಹುಟ್ಟಿದಂದಿನಿಂದ ಆ ಅಪ್ಪಣೆಗಾಗಿಯೇ ಕಾದು ಕೂತಿದ್ದ ಕಿಣ್ವಗಳು ಒಂದನ್ನೊಂದು ಎಬ್ಬಿಸಿಕೊಂಡು ಕತ್ತರಿ ಹಿಡಿದು ಹೊರಡುತ್ತವೆ. ಜೀವಕೋಶ ಕುಗ್ಗುತ್ತದೆ, ತನ್ನ ವಂಶದ ಎಳೆಯನ್ನು ತಾನೇ ಅಳತೆಯ ತುಂಡುಗಳಾಗಿ ಕತ್ತರಿಸುತ್ತದೆ, ಇದ್ದಬದ್ದದ್ದನ್ನೆಲ್ಲ ಸಣ್ಣ ಸಣ್ಣ ಗಂಟು ಕಟ್ಟುತ್ತದೆ, ಗಂಟಿನ ಹೊರಗೆ 'ನನ್ನನ್ನು ತೆಗೆದುಕೊಳ್ಳಿ' ಎಂಬ ಗುರುತನ್ನೂ ಹಚ್ಚುತ್ತದೆ. ನೆರೆಯ ಕೋಶಗಳು ಬಂದು ಅವನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಎಲ್ಲವೂ ಇಷ್ಟು ಮರ್ಯಾದೆಯಿಂದ ಸಾಯುವುದಿಲ್ಲ, ಕೆಲವು ಒಡೆದು ಚೆಲ್ಲುತ್ತವೆ, ಅದಕ್ಕೇ ಅಕ್ಕನ ನಾಲಿಗೆ ವಾರಗಟ್ಟಲೆ ಬಾತು ಗಂಜಿಯೂ ಇಳಿಯದಾಗಿತ್ತು. ಆದರೂ ಎಂಥ ಕೆಲಸ! ಕ್ಯಾನ್ಸರಿನ ಕೋಶವೆಂದರೆ ಸಾಯುವುದನ್ನು ಬಿಟ್ಟ ಕೋಶ. ಅದರೊಳಗೇ ಉಳಿದಿದ್ದ ಹಳೆಯ ಶಿಸ್ತನ್ನು ಒಂದು ಬೊಟ್ಟು ಬೆಳಕು ಎಬ್ಬಿಸುತ್ತದೆ. ಎರಡು ಮಾರ್ಕಿನ ಪ್ರಶ್ನೆಯೆಂದು ಅವನು ಇಪ್ಪತ್ತು ವರ್ಷ ಈ ಪಾಠವನ್ನು ಗಂಟೆ ಹೊಡೆಯುವ ಮುಂಚಿನ ಐದು ನಿಮಿಷಕ್ಕೆ ಇಟ್ಟುಕೊಂಡಿದ್ದ.

ಇದನ್ನು ಅಕ್ಕನಿಗೆ ಹೇಗೆ ಹೇಳುವುದೆಂದು ರೈಲಿನಲ್ಲಿ ತಡವರಿಸುತ್ತಿದ್ದಾಗ ದಾರಿ ತೋರಿಸಿದವಳು ಅವಳೇ. "ಔಷಧ ಒಂದ ಸುಡಂಗಿಲ್ಲ, ಬೆಳಕ ಒಂದ ಸುಡಂಗಿಲ್ಲ. ಎರಡೂ ಕೂಡಿದ್ರ ಸುಡತೈತಿ. ನಿಂಬಿ ರಸ ಹತ್ತಿದ ಕೈಯಂಗ ಅನ್ನು." ಜುಲ್ಫಿಕರ ಬಾಯಿ ತೆರೆದು ಕೂತಿದ್ದ. ಇಂಡಿಯ ನಿಂಬೆ ಆರಿಸುವ ಹೆಂಗಸರಿಗೆ ಯಾರು ಕಲಿಸಬೇಕು? ರಸ ಹತ್ತಿದ ಕೈಯನ್ನು ತೊಳೆಯದೆ ಬಿಸಿಲಿಗೆ ಹೋದರೆ ಮೂರನೆಯ ದಿನಕ್ಕೆ ಗುಳ್ಳೆ ಎದ್ದು, ತಿಂಗಳುಗಟ್ಟಲೆ ಕರಿ ಕಲೆ. ಅಕ್ಕನ ಎರಡೂ ಕೈಗಳ ಮೇಲೆ ಅಂಥ ಕಲೆಗಳಿದ್ದವು. ಆ ಕಲೆಗಳ ಕೂಲಿಯ ಮೇಲೆಯೇ ಅವನು ಬಿಎಸ್ಸಿ ಮುಗಿಸಿದ್ದ. ಅವಳು ಮತ್ತೆ ಕೇಳಿದ್ದಳು, "ಡಾಗಿನ ಚೀಲದಾಗ ಒಂದ ನಿಂಬಿ ಕೊಳೆತ್ರ ಮಗ್ಗಲಿನ ಹತ್ತ ಕೊಳೀತಾವ. ಇದು ತಾನ ಎದ್ದ ಹೋಗತೈತಿ ಅಂತೀಯಲ್ಲ, ಮಗ್ಗಲಿನವಕ್ಕ ಏನೂ ಆಗಂಗಿಲ್ಲ?" ಆಗುವುದಿಲ್ಲ ಎಂದಾಗ ಬುರ್ಖಾದೊಳಗಿಂದಲೇ, "ಭಾಳ ದೊಡ್ಡ ಮನಸ ಬಿಡು ಅದರದು" ಎಂದಿದ್ದಳು. ಆ ಮಾತಿನ ಖುಷಿಯಲ್ಲೇ ಅವನು ಎಡವಿದ್ದು. ನಿಂಬೆಯ ಕೈಗೆ ನೆರಳು ಸಾಕಾದರೆ ಇಂಥ ಔಷಧಕ್ಕೆ ಕತ್ತಲು ಇನ್ನೂ ಒಳ್ಳೆಯದಲ್ಲವೇ, ಎಷ್ಟು ಕತ್ತಲೋ ಅಷ್ಟು ಪ್ರೀತಿ ಎಂದು ಲೆಕ್ಕ ಹಾಕಿ ಕಂಬಳಿ ಜಡಿದ. ಯಾವ ಬೆಳಕು ಕೊಲ್ಲುತ್ತದೋ ಅದರದೇ ಸಣ್ಣ ಪಾಲು ದಿನಾ ಒಂದಿಷ್ಟು ಔಷಧವನ್ನು ಸವೆಸಿ ಕಾಯುತ್ತಿತ್ತೆಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಅವನ ಪಾಲಿಗೆ ಆ ಒಕ್ಕಾಲಿನಲ್ಲೂ ಅರ್ಧ ಪುಟ ಬಿಟ್ಟುಹೋಗಿತ್ತು.

ಇಂಡಿಯಲ್ಲಿ ಖಲೀಲ ಮೋಟಾರು ಸೈಕಲ್ಲು ಹಿಡಿದು ಕಾಯುತ್ತಿದ್ದ. ಹಿಂದೆ ಕೂತ ಜುಲ್ಫಿಕರ ಅಳಿಯನ ಬೆನ್ನಿಗೆ ಹೇಳಿಬಿಡೋಣವೆಂದು ಎರಡು ಸಲ ಗಂಟಲು ಸರಿಮಾಡಿಕೊಂಡ. ಖಲೀಲನೇ ಗಾಳಿಗೆ ಮುಖವೊಡ್ಡಿ ಕೂಗಿ ಹೇಳುತ್ತಿದ್ದ: "ಮಾಮೂ, ನಿಮ್ಮಿಂದ ಅಮ್ಮಾನ ನಾಲಿಗಿ ಉಳೀತ್ರೀ. ಊರಾಗ ಎಲ್ಲಾರೂ ಅಂತಾರ, ಲಾಲಬಿ ತಮ್ಮ ಅಂದ್ರ ತಮ್ಮ ಅಂತ." ಜುಲ್ಫಿಕರ ಹಾಳೆಯನ್ನು ಕಿಸೆಯಲ್ಲಿ ಇನ್ನೂ ಒಳಕ್ಕೆ ತುರುಕಿದ. ತೋಟದ ದಾರಿಯಲ್ಲಿ ನಿಂಬೆ ಹೂವಿನ ವಾಸನೆ ಬಂತು, ಅದೂ ಸಹಿಸದಾಯಿತು.

ಮನೆಯಲ್ಲಿ ಹಬ್ಬದ ಗಡಿಬಿಡಿ. ನಸ್ರೀನ ಬೀಗರ ಮನೆಗೆ ಒಯ್ಯಲು ಮಾಲದಿ ಸಿಹಿಯ ಡಬ್ಬಿ ಕಟ್ಟುತ್ತಿದ್ದಳು, ಕೂಸಿನ ತಲೆಗೆ ಹೊಸ ಕುಲಾಯಿ, ಹೊದೆಸಲು ದುಪಟಿ ಒಂದು ಗಂಟಿನಲ್ಲಿ ಸಿದ್ಧವಾಗಿದ್ದವು. "ಬರ್ರಿ ಮಾಮೂ, ಅತ್ತಿ ಐದಕ್ಕ ಎದ್ದ ಕುಂತಾರ" ಎಂದಳು. ಅವನು ನಡುಕೋಣೆಗೆ ಹೋದ. ಹೊರಗಿನ ಬೆಳಕಿಗೆ ಹೊಂದಿದ್ದ ಕಣ್ಣಿಗೆ ಒಳಗೆ ಏನೂ ಕಾಣಲಿಲ್ಲ. ಕಂಬಳಿಯ ಕಮಟು, ಬಿಡದ ಸೆಕೆ, ಹೊಸ ಸೀರೆಯ ಗಂಜಿಯ ವಾಸನೆ. ಇಪ್ಪತ್ತನಾಲ್ಕು ದಿನದಲ್ಲಿ ಒಂದು ನಿಮಿಷವೂ ತಾನು ಈ ಸೆಕೆಯಲ್ಲಿ ಕೂತಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಬಂದಾಗೆಲ್ಲ ಬಾಗಿಲಲ್ಲೇ ನಿಂತು, ಹೆಂಗ ಅದೀ ಆಪಾ ಎಂದು ಕೇಳಿ, ಕತ್ತಲು ಸರಿಯಾಗಿದೆಯೇ ಎಂದು ನೋಡಿ ಹೋಗಿದ್ದ.

"ಜುಲ್ಫೀ, ಬಂದ್ಯಾ?" ಕತ್ತಲಿನಿಂದ ಅಕ್ಕನ ದನಿ, ಮೊದಲಿನದೇ ದನಿ, ಒಂದಕ್ಷರವೂ ತಪ್ಪದ ದನಿ.

"ಆಪಾ, ನಿನಗ ಒಂದ ಮಾತ ಹೇಳೂದೈತಿ."

"ಆಮ್ಯಾಲ ಹೇಳು. ಮದಲ ನನ್ನ ಹೊರಗ ಹಾಕೂದ ನೋಡು."

ಪಡಸಾಲೆಯ ಬಾಗಿಲನ್ನು ಅರ್ಧ ಮುಚ್ಚಿ ಖಲೀಲ ಕರೆದ. ಲಾಲಬಿ ಬಂದು ಗೋಡೆಗೆ ಆತು ನಿಂತು, ಸೆರಗಿನೊಳಗಿಂದ ಕೈಯನ್ನು ಒಮ್ಮೆಗೇ ತೆಗೆಯದೆ, ಮೊದಲು ಮಾತು ತೆಗೆದಳು. "ಒಂದೀಟ ಕೆಂಪಾಗೈತಿ. ಅಂಜಬ್ಯಾಡ್ರಿ. ನಿನ್ನೆ ಮುಂಜಾನಿ ಶರಬತ್ತಿನ ನಿಂಬಿ ನಾನ ಹಿಂಡಿದ್ದೆ. ಕೈ ತೊಳೀದ ಬಿಸಲಿಗಿ ಹಿಡದೆ. ರಸ ಸುಟ್ಟೈತಿ, ಮತ್ತೇನಿಲ್ಲ." ಆಮೇಲೆ ಕೈ ಚಾಚಿದಳು. ಮುಂಗೈ ಮೇಲೆ ಚಹಾ ಕಪ್ಪಿನ ಬಾಯಿಯಷ್ಟಗಲ, ಅಂಚಿನಿಂದ ಅಂಚಿಗೆ ಒಂದೇ ಸಮ ಕೆಂಪು, ನಡುವೆ ನೀರು ತುಂಬಿದ ಎರಡು ಗುಳ್ಳೆ. ಖಲೀಲ ಹಣೆ ಬಡಿದುಕೊಂಡು ನಕ್ಕ. "ಅಮ್ಮಾ, ನೀ ಒಬ್ಬಾಕಿ! ಜಲ್ಮಾ ಎಲ್ಲಾ ನಿಂಬ್ಯಾಗ ಕಳದು ಕೈ ತೊಳಿಯೂದ ಮರತೀಯಲ್ಲ. ಹಂಗಾರ ಅಡ್ಡಿಯಿಲ್ಲಲ್ರೀ ಮಾಮೂ?" ನಸ್ರೀನ ಡಬ್ಬಿಯ ಮುಚ್ಚಳ ಹಿಡಿದವಳು ಹಾಗೇ ನಿಂತು ಅತ್ತೆಯ ಮುಖ ನೋಡಿದಳು. ನಿಂಬೆ ಹಿಂಡಿದವಳು ತಾನೆಂದು ಅವಳಿಗೆ ಗೊತ್ತಿತ್ತು. ಮುಚ್ಚಳವನ್ನು ಒತ್ತಿ ಹಾಕಿದಳು.

ಜುಲ್ಫಿಕರನಿಗೂ ಗೊತ್ತಾಯಿತು. ನಿಂಬೆಯ ಸುಟ್ಟಗಾಯ ಮೂರನೆಯ ದಿನಕ್ಕೆ ಏಳುತ್ತದೆ, ರಾತ್ರಿ ಕಳೆಯುವುದರಲ್ಲಿ ಏಳುವುದಿಲ್ಲ. ರಸ ಹತ್ತುವುದು ಹನಿಯಾಗಿ, ಗೆರೆಯಾಗಿ. ಹೀಗೆ ಬಳಿದಂತೆ ಅಲ್ಲ. ಇದನ್ನು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅಕ್ಕ. ಹೇಳಬಾರದು, ಆದರೆ ಮೊದಲು ಅವನಿಗಾದದ್ದು ನಿರಾಳ. ಕಾಲಿನ ತನಕ ಇಳಿದ ನಿರಾಳ. ನಿಂಬೆ ರಸ. ಹೌದು, ನಿಂಬೆ ರಸ. ಒಂದು ಸಲ ತಲೆ ಅಲ್ಲಾಡಿಸಿದರೆ ಮುಗಿಯಿತು, ಪುಟವೂ ಬೇಡ, ಪುರಾಣವೂ ಬೇಡ. ವಿಜಯಪುರದ ಹಾಸ್ಟೆಲ್ಲಿನ ಬಾಗಿಲಿಗೆ ರೊಟ್ಟಿಯ ಗಂಟು ಹೊತ್ತು ಅಕ್ಕ ಬಂದಿದ್ದ ಒಂದು ಮಧ್ಯಾಹ್ನ ನೆನಪಾಯಿತು. ಗೆಳೆಯರು ಯಾರೆಂದು ಕೇಳಿದಾಗ, ಕರಿ ಕಲೆಯ ಆ ಕೈಗಳನ್ನು ನೋಡಿ, ನಮ್ಮೂರಿನವರು ಎಂದಿದ್ದ. ಅವಳು ಕೇಳಿಸಿಕೊಂಡಿದ್ದಳು. ಸಿಟ್ಟಾಗಲಿಲ್ಲ, ಅಳಲಿಲ್ಲ, ಗೆಳೆಯರತ್ತ ತಿರುಗಿ, "ಹೌದ್ರೀ, ಇವರ ಅಕ್ಕ ಕೊಟ್ಟ ಕಳಿಸ್ಯಾರ" ಎಂದು ಗಂಟನ್ನು ಕೆಳಗಿಟ್ಟು ಹೋಗಿದ್ದಳು. ಈಗಲೂ ಅದೇ ಮುಖ. ತಮ್ಮನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾಳೋ, ಮೊಮ್ಮಗಳ ಬಳಿಗೆ ಹೋಗಲೆಂದೋ? ಎರಡೂ ಇರಬಹುದು. ಆದರೆ ಈಗ ತಲೆ ಅಲ್ಲಾಡಿಸಿದರೆ ದೇವರ ಹಿಪ್ಪರಗಿ ದಾಟುವುದರೊಳಗೆ ನಡುಹಗಲ ಬಿಸಿಲು ಈ ಕೈಗೆ ಮಾಡಿದ್ದನ್ನೇ ಅವಳ ಮುಖಕ್ಕೆ ಮಾಡುತ್ತದೆ. ಹೊರಗೆ ಗುರಣ್ಣನ ಗಾಡಿ ಹಾರ್ನು ಹೊಡೆಯಿತು. ನಸ್ರೀನ ಗಂಟು ಎತ್ತಿಕೊಂಡಳು.

"ಅದು ನಿಂಬಿ ರಸ ಅಲ್ಲ ಖಲೀಲ," ಎಂದ ಜುಲ್ಫಿಕರ. ದನಿ ತನ್ನದೆನಿಸಲಿಲ್ಲ. "ಔಷಧ ಇನ್ನೂ ಇಳಿದಿಲ್ಲ. ಇಳೀತಿತ್ತು. ನಾ ಇಳೀಗೊಡಲಿಲ್ಲ." ಕಿಸೆಯಿಂದ ಹಾಳೆ ತೆಗೆದು ಎರಡನೆಯ ಪುಟದ ನಾಲ್ಕನೆಯ ಸಾಲನ್ನು ಓದಿದ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅಕ್ಕನಿಗೆ ತಿಳಿಯುವಂತೆ. ಓದದೆ ಮಡಚಿಟ್ಟದ್ದನ್ನು, ನರ್ಸಿನ ಬಾಯಿ ಮುಚ್ಚಿಸಿದ್ದನ್ನು, ಬಸ್ಸಿನಲ್ಲಿ ಗೊತ್ತಾದ ಮೇಲೂ ಫೋನು ಮಾಡದ್ದನ್ನು ಹೇಳಿದ. "ಇನ್ನೂ ಎರಡ ವಾರ ಹೊರಗ ಬರೂಹಂಗಿಲ್ಲ ಆಪಾ. ಬಂದ್ರ ಮಾರಿ ಸುಡತೈತಿ. ತಪ್ಪ ನಂದು." ಖಲೀಲ ಎಲ್ಲೋ ನೋಡುತ್ತ ನಿಂತ. ಅಳಿಯ ತನ್ನನ್ನು ನೋಡದೆ ಇದ್ದದ್ದು ಜುಲ್ಫಿಕರನಿಗೆ ಕೆನ್ನೆಗೆ ಹೊಡೆದದ್ದಕ್ಕಿಂತ ಜೋರಾಗಿ ತಾಗಿತು.

ಲಾಲಬಿ ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ, "ಕೂಸಿನ ಒಂದ ಚಲೋ ಫೋಟೋ ಸುದ್ದಾ ನೋಡಲಿಲ್ಲೋ ನಾ" ಎಂದಳು. "ಬರೇ ಅಳೂದು ಕೇಳೀನಿ. ಡಾಕ್ಟರ ಹೇಳ್ಯಾನಂತ ಅಲ್ಲ, ನೀ ಹೇಳೀದಿ ಅಂತ." ಅಷ್ಟೇ. ಕೂಗಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ನಡುಕೋಣೆಗೆ ಹೋದಳು. ಒಳಗೆ ಏನೋ ಹರಿದ ಸದ್ದಾಯಿತು. ಅವನು ಓಡಿ ಹೋಗಿ ನೋಡಿದರೆ ಅಕ್ಕ ಕಂಬಳಿಯ ತುದಿ ಹಿಡಿದು ಜಗ್ಗುತ್ತಿದ್ದಳು, ಒಂದು, ಮತ್ತೊಂದು, ಮೊಳೆ ಸಮೇತ. ಬಡಗಣ ಕಿಟಕಿ, ಎದುರಿಗೆ ಬೇವಿನ ಮರ, ಬಿಸಿಲು ಅತ್ತ ಇಣುಕುತ್ತಲೂ ಇರಲಿಲ್ಲ. ಬಂದದ್ದು ಬರೀ ಬೆಳಕು. ಯಾವ ಮನೆಯಲ್ಲೂ ಹಗಲು ಹೊತ್ತು ಇರುವಂಥ, ಯಾರೂ ಇದೆಯೆಂದು ಗಮನಿಸದಂಥ ಬೆಳಕು. ಅದರಲ್ಲಿ ಅಕ್ಕ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು, ಬೆಳ್ಳಗೆ ಬಿಳಿಚಿಕೊಂಡು, ಹಸಿರು ಸೀರೆ ಉಟ್ಟುಕೊಂಡು. ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಗಡ್ಡಾ ಪೂರಾ ಬೆಳ್ಳಗಾಗೈತಲ್ಲೋ ನಿಂದು" ಎಂದಳು. ಜುಲ್ಫಿಕರನಿಗೆ ಅಳು ತಡೆಯಲಾಗಲಿಲ್ಲ.

"ನಾಲಿಗಿ ತೋರಸು ಆಪಾ," ಎಂದ ಅಳುತ್ತಲೇ. ಅವಳು ಚಿಕ್ಕ ಹುಡುಗಿ ಅಣಕಿಸುವ ಹಾಗೆ ನಾಲಿಗೆ ಚಾಚಿದಳು. ಎಡ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ, ಮಳೆಯಾದ ಮೇಲಿನ ಅಂಗಳದಷ್ಟು ಚೊಕ್ಕಟ. ಮಚ್ಚೆಯಿದ್ದ ಜಾಗದಲ್ಲಿ ಸಣ್ಣ ತಗ್ಗು, ಸುತ್ತಲಿನದೆಲ್ಲ ಇದ್ದ ಹಾಗೇ ಇತ್ತು. ಹೋಗಬೇಕಾದವು ತಮ್ಮ ಗಂಟು ತಾವು ಕಟ್ಟಿಕೊಂಡು ಹೋಗಿದ್ದವು, ಮಗ್ಗಲಿನವನ್ನು ಮುಟ್ಟದೆ. ಅವನು ಪುಸ್ತಕದಲ್ಲಿ ನೂರು ಸಲ ಓದಿದ್ದ, ನೋಡಿದ್ದು ಇದೇ ಮೊದಲು. ಕೈ ಮುಗಿಯಬೇಕೆನಿಸಿತು, ಯಾರಿಗೆಂದು ತಿಳಿಯಲಿಲ್ಲ.

ಖಲೀಲ ಬಾಗಿಲಲ್ಲಿ ಬಂದು ನಿಂತು ಮೊಬೈಲು ಚಾಚಿದ. "ಅಮ್ಮಾ, ಇನ್ನ ನೋಡಬಹುದಂತಲ್ಲ. ತಗೋ, ಕೂಸಿನ ಫೋಟೋ." ಲಾಲಬಿ ಮುಖ ತಿರುಗಿಸಿದಳು. "ಫೋಟೋ ಯಾಕ? ಕೂಸ ಬರತೈತಿ ಇವತ್ತ. ಸ್ವಾದರಮಾಂವ ಅದಾನಲ್ಲ, ಇಂವ ಹೋಗಿ ಕರಕೊಂಡ ಬರತಾನ." ನಸ್ರೀನಳ ಕೈಯಿಂದ ಗಂಟನ್ನು ತೆಗೆದು ತಾನೇ ತಮ್ಮನ ತೋಳಿಗೆ ಇಟ್ಟಳು. "ಬೀಗರ ಮುಂದ ಹೋಗಿ, ಆಕಿಗಿ ಇನ್ನೂ ಆರಾಮಿಲ್ಲ ಅಂತ ಹೇಳಬ್ಯಾಡ ಮತ್ತ. ನನ್ನ ಜಡ್ಡ ಹೋಗೈತಿ. ತಪ್ಪಿದಾಂವ ನೀನು. ಹಂಗ ಹೇಳು. ಬರುವಾಗ ಕೂಸಿಗಿ ಬಿಸಲ ತಾಗದಂಗ ಹಿಡಕೊಂಡ ಬಾ." ಹೇಗೆ ಹಿಡಿಯಬೇಕು, ಎಲ್ಲಿ ಕೂರಬೇಕು, ಏನು ಹೊದೆಸಬೇಕು ಎಂದು ಅವಳು ಹೇಳುತ್ತಾಳೇನೋ ಎಂದು ಅವನು ಕಾದ. ಅವಳು ಹೇಳಲಿಲ್ಲ. ಇಷ್ಟೆಲ್ಲ ಆದ ಮೇಲೂ ನಡುಹಗಲಲ್ಲಿ ನಲವತ್ತು ದಿನದ ಕೂಸನ್ನು ತರಲು ಅವನನ್ನೇ ಕಳಿಸುತ್ತಿದ್ದಳು.

ಗಾಡಿಯಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಗುರಣ್ಣ ಹಿಂದೆ ಮುಂದೆ ನೋಡಿದ. "ಅಕ್ಕಾರ ಬರಂಗಿಲ್ಲೇನ್ರೀ ಸರ? ಇನ್ನೂ ಆರಾಮ ಆಗಿಲ್ಲೇನ್ರಿ?"

"ಆಕಿ ಆರಾಮ ಆಗ್ಯಾಳ ಗುರಣ್ಣ. ತಪ್ಪಿದ್ದು ನಾನು. ಆದ್ರ..." ಎಂದು ನಿಲ್ಲಿಸಿ, "ಗಾಡಿ ಬಿಡಪಾ, ಹೇಳತೇನಿ" ಎಂದ. ಹೇಳತೊಡಗಿದ. ಮೊದಲ ಸಲ ಹೇಳುವಾಗ ನರ್ಸಿನ ಅವಸರವೂ ರೈಲಿನ ಹೊತ್ತೂ ನಡುವೆ ನೆಪಗಳಾಗಿ ನುಸುಳಿದವು. ಗುರಣ್ಣನಿಗೆ ಸರಿಯಾಗಿ ತಿಳಿಯದೆ ಇನ್ನೊಮ್ಮೆ ಕೇಳಿದ, ಇವನು ಇನ್ನೊಮ್ಮೆ ಹೇಳಿದ. ದೇವರ ಹಿಪ್ಪರಗಿ ಬರುವಷ್ಟರಲ್ಲಿ ಅದನ್ನು 'ಆದ್ರ' ಇಲ್ಲದೆ ಹೇಳುವುದು ಅವನಿಗೆ ರೂಢಿಯಾಗಿತ್ತು.